ನೀಲಿ ಗುರುತಿನ ಈಚೆ ಅಕ್ಕ, ಆಚೆ ತಂಗಿ

ಬೆಳಗಿನ ನಮಾಜು ಮುಗಿಸಿದವರೇ ರೊಕಿಯಾ ಬುಕಿತ್ ಲೆಂಬಾ ಗುಡ್ಡದ ಕಾಲುದಾರಿ ಹಿಡಿದಿದ್ದಾರೆ. ಒಂದು ಕೈಯಲ್ಲಿ ಮಚ್ಚು, ಇನ್ನೊಂದರಲ್ಲಿ ನೀಲಿ ಬಣ್ಣದ ಡಬ್ಬಿ. ದಾರಿಗೆ ಬಿದ್ದ ಬಿದಿರು ಕಡಿದು ಪಕ್ಕಕ್ಕೆ ಎಳೆಯುತ್ತಾರೆ. ಗಡಿಯ ಮರಗಳ ಮೇಲೆ ಮಾಸಿದ ಗುರುತಿಗೆ ಬಣ್ಣ ಬಳಿಯುತ್ತಾರೆ. ಗುರುತಿನ ಈಚೆ ಕಾಯ್ದಿಟ್ಟ ಕಾಡು. ಆಚೆ, ಮನೆಗಳೇಳಲಿರುವ ಕೆಂಪು ಮಣ್ಣಿನ ಬಯಲು. ಅಲ್ಲಿ ಜೆಸಿಬಿ ಗುಡುಗಿತೋ, ಇವರ ಹುಬ್ಬು ಗಂಟಿಕ್ಕುತ್ತದೆ. "ಬಂದ್ಲು ಮಹಾರಾಣಿ!"

ಮಹಾರಾಣಿ ಎಂದರೆ ಒಡಹುಟ್ಟಿದ ತಂಗಿ ಸುರಯಾ. ಈ ಸೀಮೆಯಲ್ಲಿ ಜೆಸಿಬಿ ಓಡಿಸುವ ಹೆಂಗಸು ಅವಳೊಬ್ಬಳೇ.

ರೊಕಿಯಾಗೆ ಐವತ್ತಾರು. ಹತ್ತೊಂಬತ್ತು ವರ್ಷಗಳಿಂದ ಕಾಡಿನ ಗಡಿ ಕಾಯುವ ಕೆಲಸ: ದಿನಾ ಏಳು ಕಿಲೋಮೀಟರು, ನಾನೂರ ಹನ್ನೆರಡು ಮರ. ಮಂಡಿ ಸವೆದಿದೆ, ಕಣಕಾಲ ತುಂಬ ಜಿಗಣೆ ಕಚ್ಚಿದ ಕಲೆ. ಚಾರಣಕ್ಕೆ ಬಂದವರು ಇವರನ್ನು ದಾಟಿ ಹೋಗಿ, ಬಯಲಿನ ಬೇಲಿಯ ಹತ್ತಿರ ನಿಂತು ಸುರಯಾಳ ಫೋಟೊ ತೆಗೆಯುತ್ತಾರೆ. ತೆಂಗಿನಹಾಲಿನ ಅನ್ನ ಮಾರುವ ನಾಸಿ ಲೆಮಾಕ್ ಅಂಗಡಿಯಲ್ಲಿ ಅವಳು ಕೂತರೆ ಕೇಳದೆಯೇ ಚಹಾ ಬರುತ್ತದೆ.

"ನಾನು ಮೂರು ಸಲ ಕೂಗ್ಬೇಕು. ಚಿಕ್ಕವಳಿದ್ದಾಗ ಕಾಡು ಅಂದ್ರೆ ಹೆದರಿ ನನ್ನ ಸೊಂಟ ಬಿಡ್ತಿರ್ಲಿಲ್ಲ ಅವಳು. ಹೊಟ್ಟೆ ಉರಿಯಲ್ವಾ?" ಎನ್ನುತ್ತಾರೆ, ಮುಚ್ಚುಮರೆಯಿಲ್ಲದೆ.

ಆ ಉರಿಗೇ ದಿನಕ್ಕೆರಡು ಸಲ ಬೇಲಿಯ ಕಡೆ ಇಣುಕುತ್ತಿದ್ದರು, ತಂಗಿ ಏನಾದರೂ ತಪ್ಪು ಮಾಡಲಿ ಎಂದು. ಕಳೆದ ತಿಂಗಳು ಸಿಕ್ಕೇಬಿಟ್ಟಿತು. ಅಳತೆಯವರು ನೆಟ್ಟ ಗೂಟ ನಲವತ್ತು ಹೆಜ್ಜೆ ಕಾಡಿನೊಳಕ್ಕೆ ಬಂದಿತ್ತು. ನೀಲಿ ಗುರುತಿನ ಇಪ್ಪತ್ತಮೂರು ಮರ ಕಡಿಯುವವರ ಪಾಲಿಗೆ ಹೋಗಿದ್ದವು. ರೊಕಿಯಾ ಓಡಿಹೋಗಿ ಜೆಸಿಬಿಗೆ ಅಡ್ಡ ನಿಂತರು.

"ಇಳಿಯೇ ಕೆಳಗೆ! ಕಾಡು ಕದಿಯೋಕೆ ಬಂದಿದೀಯಾ?"

"ಗೂಟ ನೆಟ್ಟಿದ್ದು ನಾನಲ್ಲ ಅಕ್ಕ. ದಾರಿ ಬಿಡು, ನನ್ನ ಕೆಲಸ ಹೋಗುತ್ತೆ."

"ಗೂಟ ಯಾರದೋ. ಮರದ ಮೇಲಿನ ಬಣ್ಣ ನನ್ನ ಕೈಯದ್ದು ಕಣೇ!"

ಸುರಯಾ ಮರವನ್ನೊಮ್ಮೆ, ಅಕ್ಕನ ಬೆರಳಿಗೆ ಮೆತ್ತಿದ ನೀಲಿಯನ್ನೊಮ್ಮೆ ನೋಡಿ ಎಂಜಿನ್ ಆರಿಸಿದಳು. ಮೇಸ್ತ್ರಿ ಎಷ್ಟು ಕೂಗಾಡಿದರೂ ಕೀಲಿ ಕೊಡಲಿಲ್ಲ. ಅರಣ್ಯದವರು ಬಂದು ಅಳೆದ ಮೇಲೆ ಗೂಟ ಹಿಂದಕ್ಕೆ ಹೋಯಿತು, ಮರಗಳು ಉಳಿದವು. ಸುರಯಾ ಹನ್ನೊಂದು ದಿನ ಕೆಲಸವಿಲ್ಲದೆ ಮನೆಯಲ್ಲಿ ಕೂತಳು. ಪತ್ರಿಕೆಯಲ್ಲಿ ಬಂದದ್ದು ಮಾತ್ರ ಮತ್ತೆ ಅವಳದೇ ಚಿತ್ರ: ಯಂತ್ರ ನಿಲ್ಲಿಸಿದ ದಿಟ್ಟೆ.

"ಅಡ್ಡ ನಿಂತವಳು ಯಾರು ಅಂತ ಒಬ್ರೂ ಕೇಳ್ಲಿಲ್ಲ," ಎಂದು ರೊಕಿಯಾ ಮುಖ ತಿರುಗಿಸುತ್ತಾರೆ. ಸ್ವಲ್ಪ ಹೊತ್ತಿಗೆ ತಾವೇ, "ಅವಳು ನಿಲ್ಲಿಸ್ದೇ ಇದ್ದಿದ್ರೆ ಕೇಳೋಕೆ ನಾನೇ ಇರ್ತಿರ್ಲಿಲ್ಲ ಬಿಡಿ," ಎನ್ನುತ್ತಾರೆ.

ಏನಾದರೂ ಆಸೆ ಉಂಟೇ ಎಂದರೆ ದನಿ ತಗ್ಗುತ್ತದೆ. "ಒಂದ್ಸಲ ಆ ಎತ್ತರದ ಸೀಟಲ್ಲಿ ಕೂತು ನನ್ನ ಕಾಡು ನೋಡ್ಬೇಕು. ಆದ್ರೆ ಬಾಯ್ಬಿಟ್ಟು ಕೇಳಲ್ಲ. ಕೇಳಿದ್ರೆ ಆ ಹಾಳಾದವಳು ತಕ್ಷಣ ಹೂಂ ಅಂದ್ಬಿಡ್ತಾಳೆ."