ಬೇರೆಯವರ ಚೀಟಿ ಅಂಟಿಸಿದ ಸ್ಕಾಚ್

ಸಿಂದಗಿಯಲ್ಲಿ ಕಿರಾಣಿ ಅಂಗಡಿ ಇಟ್ಟವನಿಗೆ ಅನುಮಾನಪಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ತುಪ್ಪವನ್ನು ಅಂಗೈಗೆ ತಿಕ್ಕಿ ಮೂಸುತ್ತೇನೆ, ತೊಗರಿಬೇಳೆಯನ್ನು ಹಲ್ಲಿಗೆ ಕೊಟ್ಟು ನೋಡುತ್ತೇನೆ. ಮನೆಯ ಚಹಾವನ್ನೂ ಒಮ್ಮೆ ದಿಟ್ಟಿಸಿಯೇ ಕುಡಿಯುವವನು ನಾನು. ಪರೀಕ್ಷೆ ಮಾಡದೆ ಅಂಗಡಿಯೊಳಗೆ ಬಿಟ್ಟುಕೊಂಡ ಮಾಲು ಒಂದೇ, ಇಂಡಿ ಊರಿನ ಗೆಳೆಯ ಕಳಿಸುವ ಲಿಂಬೆಹಣ್ಣು. ಅವನು ಲಿಂಬೆ ವ್ಯಾಪಾರಿ, ಚಿಕ್ಕಂದಿನಲ್ಲಿ ಸಾಲೆಯಲ್ಲಿ ನನ್ನ ಪಕ್ಕ ಕೂತವನು. ಚೀಲದ ಬಾಯಿ ಬಿಚ್ಚಿ ಒಮ್ಮೆ ಮೂಸಿದರೆ ತಳದಲ್ಲಿ ಕೊಳೆತ ಹಣ್ಣಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ.

ಈಚೆಗೆ ಅವನು ಕಳಿಸಿದ ಚೀಲ ಬಿಚ್ಚಿದರೆ ಗಬ್ಬೆಂದು ನಾರಿತು. ಫೋನ್ ಮಾಡಿ ಕೇಳಿದರೆ ಮಾತು ಹಾರಿಸಿದ. ಮುಂದಿನ ಚೀಲವೂ ಹಾಗೆಯೇ ಬಂತು. ಇವನೂ ಮೋಸಕ್ಕಿಳಿದನೇ ಎಂದು ತಲೆಯೊಳಗೆ ಹುಳ ಹೊಕ್ಕಿತು. ಹಣ್ಣು ಹೋದರೆ ಹೋಗಲಿ, ಇವನೊಬ್ಬ ಸುಳ್ಳಾದರೆ ನನಗೆ ನಂಬಲು ಯಾರೂ ಉಳಿಯುವುದಿಲ್ಲ. ಅಷ್ಟರಲ್ಲಿ ಅವನೇ ಫೋನ್ ಮಾಡಿದ. ಸೊಲ್ಲಾಪುರದ ಬೀಗರು ಫಾರಿನ್ನಿನಿಂದ ಒಂದು ಬಾಟಲಿ ತಂದುಕೊಟ್ಟಿದ್ದಾರೆ, ಭಾನುವಾರ ತೋಟಕ್ಕೆ ಬಾ ಎಂದ. ನನ್ನ ಬಾಯಿ ಮುಚ್ಚಿಸುವ ಹೂಟ ಇದು ಎಂದುಕೊಂಡೇ ಇಂಡಿ ಬಸ್ ಹತ್ತಿದೆ.

ಲಿಂಬೆ ಗಿಡಗಳ ನೆರಳಲ್ಲಿ ಚಾಪೆ ಹಾಸಿದ್ದ. ಹುರಿದ ಶೇಂಗಾ, ಹೆಚ್ಚಿದ ಉಳ್ಳಾಗಡ್ಡಿ, ನಡುವೆ ಬಾಟಲಿ. ನಾನು ಮೊದಲು ಚೀಟಿ ಓದಿದೆ. ನಾವು ಕೇಳಿದ ಯಾವ ಕಂಪನಿಯ ಹೆಸರೂ ಅದರ ಮೇಲಿರಲಿಲ್ಲ. ಸ್ಕಾಟ್ಲೆಂಡಿನಲ್ಲಿ ಒಬ್ಬರು ಬಟ್ಟಿ ಇಳಿಸಿದ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಇನ್ನೊಬ್ಬ ವ್ಯಾಪಾರಿ ಪೀಪಾಯಿ ಸಮೇತ ಕೊಂಡು, ತಾನೇ ಬಾಟಲಿಗೆ ತುಂಬಿ, ತನ್ನ ಚೀಟಿ ಅಂಟಿಸಿ ಮಾರುತ್ತಾನಂತೆ. ಬೀಗರು ಹೇಳಿದ್ದನ್ನು ಗೆಳೆಯ ಪಾಠ ಒಪ್ಪಿಸಿದಂತೆ ಒಪ್ಪಿಸಿದ. ಸಗಟು ಬೇಳೆ ತಂದು ನನ್ನ ಹೆಸರಿನ ಪಾಕೀಟು ಮಾಡುವವನು ನಾನು. ಪಾಕೀಟಿನೊಳಗೆ ಏನೇನು ಹೋಗಬಹುದೆಂದು ನನಗೆ ಯಾರು ಹೇಳಬೇಕು? ಬಣ್ಣವೂ ತೀರಾ ತೆಳು. ಬಣ್ಣ ಬೆರೆಸಿಲ್ಲ, ಅದಕ್ಕೇ ಹಾಗೆ ಎಂದ.

ಬಾಟಲಿ ತಂದವನೇ ಮೊದಲ ಗುಟುಕು ಕುಡಿಯಬೇಕೆಂಬುದು ನಮ್ಮಿಬ್ಬರ ಕಟ್ಟಳೆ. ಒಮ್ಮೆ ಯಾವುದೋ ಕೆಟ್ಟ ಮಾಲು ಕುಡಿದು ಇಬ್ಬರೂ ಹಾಸಿಗೆ ಹಿಡಿದ ಮೇಲೆ ಮಾಡಿಕೊಂಡದ್ದು. ಆ ದಿನ ಅವನು ಲೋಟವನ್ನು ನನ್ನ ಕಡೆಗೇ ಸರಿಸಿದ. ನನ್ನ ಮೈಯೆಲ್ಲ ಕಣ್ಣಾಯಿತು.

ಬೆರಳದ್ದಿ ನೆಲಕ್ಕೆ ಹನಿ ಚಿಮುಕಿಸಿದೆ. ಎರಡು ಹನಿ ಅಂಗೈಗೆ ಹಾಕಿ ತಿಕ್ಕಿ ಮೂಸಿದೆ. ಹೊಗೆ ನಾರಿತು. ಗಡಿಗೆಯ ತಣ್ಣೀರು ಬೆರೆಸಿದರೆ ತಿಳಿಯಾಗಿದ್ದ ಲೋಟ ಮಬ್ಬಾಯಿತು. ಒಳಗಿನ ಎಣ್ಣೆಯಂಶ ಸೋಸಿ ತೆಗೆಯದಿದ್ದರೆ ಹಾಗಾಗುತ್ತದೆಂದು ಬೀಗರು ಮೊದಲೇ ಹೇಳಿದ್ದರಂತೆ. ನನಗೆ ರೇಗಿಹೋಯಿತು.

“ಕೊಳೆತ ಲಿಂಬಿ ಕಳಿಸಿದಿ, ಈಗ ಇದನ್ನ ಕುಡಿ ಅಂತಿ. ಮೊದಲ ನೀ ಕುಡಿ.”

ಅವನು ಶೇಂಗಾ ಸಿಪ್ಪೆ ಉದುರಿಸುತ್ತ ಕೂತ. ಆಮೇಲೆ ತಲೆ ಎತ್ತದೆ ಹೇಳಿದ.

“ಮೊನ್ನೆ ಜ್ವರ ಬಂದು ಹೋದಾಗಿಂದ ಮೂಗಿಗೆ ಯಾವ ವಾಸನಿನೂ ಹತ್ತವಲ್ದು. ಲಿಂಬಿನೂ ಹತ್ತವಲ್ದು.”

ಹೆಂಡತಿಗೂ ಹೇಳಿಲ್ಲವಂತೆ. ಮಾರುಕಟ್ಟೆಗೆ ಗೊತ್ತಾದರೆ ಕೊಳೆತ ಚೀಲಗಳನ್ನೆಲ್ಲ ತನ್ನ ತಲೆಗೇ ಕಟ್ಟುತ್ತಾರೆ ಎಂದು, ಈಗಲೂ ಎಲ್ಲರೆದುರು ಚೀಲಕ್ಕೆ ಮೂಗು ಹಚ್ಚಿ, ಮೂಸಿದಂತೆ ಮಾಡಿ, ಗೋಣು ಹಾಕುತ್ತಾನಂತೆ. ಈ ಬಾಟಲಿ ಕೆಟ್ಟಿದ್ದರೂ ತನಗೆ ತಿಳಿಯುವುದಿಲ್ಲ. ಮನೆಯವರು ಸಾರು ಚೆನ್ನಾಗಿದೆ ಎಂದರೂ, ಆಳುಗಳು ಮಾಲು ತಾಜಾ ಎಂದರೂ ಅನುಮಾನವೇ ಬರುತ್ತದೆ ಎಂದ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಮತ್ತೆ ನನ್ನನ್ನೇ ಯಾಕೆ ಕರೆದೆ ಎಂದು ಕೇಳಿದೆ.

“ನೀ ಯಾರನ್ನೂ ನಂಬಾಂವ ಅಲ್ಲ. ಅದಕ್ಕ ನಿನ್ನ ಮಾತು ನಂಬ್ತೇನಿ. ಹ್ಯಾಂಗೈತಿ, ಹೇಳು.”

ಒಂದು ಗುಟುಕು ಬಾಯಲ್ಲಿ ಹಿಡಿದೆ. ಸುಳ್ಳು ಹೊಗಳಿಕೆ ಬೇಡವೆಂದು ಇದ್ದದ್ದನ್ನು ಇದ್ದಂತೆ ಹೇಳುತ್ತ ಹೋದೆ. ಹತ್ತಿ ಕಟ್ಟಿಗೆ ಸುಟ್ಟ ಹೊಗೆ, ನಾಲಿಗೆಯ ತುದಿಗೆ ಉಪ್ಪು, ಒಳಗೆಲ್ಲೋ ಆಸ್ಪತ್ರೆಯ ವಾಸನೆ, ಅದು ನನಗೆ ಸೇರಲಿಲ್ಲ. ನುಂಗಿದ ಮೇಲೆ ಹಸಿ ಲಿಂಬೆಯ ಸಿಪ್ಪೆ. ಅವನು ಕಣ್ಣು ಮುಚ್ಚಿ ತನ್ನ ಲೋಟ ತುಟಿಗೆ ಹಚ್ಚಿದ, ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು ನುಂಗಿದ.

“ಉರಿ ಅಷ್ಟ ಗೊತ್ತಾಗಾಕತ್ತೈತಿ,” ಎಂದ. “ನೀ ಹೇಳ್ಕೋತ ಇರು.”