ಎಡಬಾಗಿಲ ಹೂಂ

ನಮ್ಮ ಯಜಮಾನರು ಮಾತಿನಲ್ಲಿ ಮಹಾ ಜಿಪುಣರು. ನಾನು ಏನು ಹೇಳಿದರೂ ಅವರ ಉತ್ತರ ಒಂದೇ, ಹೂಂ. ಬಾಯಿ ಮುಚ್ಚಿಕೊಂಡು ಮೂಗಿನಿಂದ ಉದ್ದಕ್ಕೆ ಎಳೆಯುವ ಹೂಂ. ಗ್ಯಾಸ್ ಮುಗಿದಿದೆ ಎಂದರೂ ಹೂಂ, ನಾನು ತವರಿಗೆ ಹೋಗಿಬಿಡ್ತೇನೆ ಎಂದರೂ ಹೂಂ. ಮದುವೆಯಾದ ಹೊಸತರಲ್ಲಿ ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು. ಅವರು ತೀರಿಕೊಂಡ ಮೇಲೆ ಒಂದು ಬೆಳಿಗ್ಗೆ ಕಾರಿನ ಎಡಬಾಗಿಲು ಅದೇ ರಾಗದಲ್ಲಿ ಹೂಂ ಎಂದಿತು. ಅದು ಯಾರ ದನಿ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವರು ದಿಲ್ಲಿಯ ಲಕ್ಷ್ಮೀ ನಗರದಲ್ಲಿ ನಮ್ಮ ಊರಿನವರದೇ ಒಂದು ಹೋಟೆಲಿನ ಗಲ್ಲಾ ನೋಡಿಕೊಳ್ಳುತ್ತಿದ್ದರು. ನನಗೆ ಗುರ್‌ಗಾಂವ್‌ನಲ್ಲಿ ಕೆಲಸ. ಸೆಕೆಂಡ್ ಹ್ಯಾಂಡ್ ಸಣ್ಣ ಕಾರು, ತಗಡಿನ ಡಬ್ಬಿಯೇ ಸರಿ. ಅದರ ಎಡಬಾಗಿಲನ್ನು ಒಳಗಿನಿಂದ ಕೊರೆಸಿ ಒಂದು ದಪ್ಪ ಸ್ಪೀಕರ್ ಕೂರಿಸಿದ್ದರು. ಸ್ಪೀಕರ್ ಬೇಗ ಕೆಟ್ಟಿತು, ತೂತು ಉಳಿಯಿತು. ಯಮುನೆಯ ಸೇತುವೆಯ ಮೇಲೆ ವೇಗ ಏರಿದಾಗ ಆ ಬಾಗಿಲಿನ ತಗಡು ಹೂಂಗುಟ್ಟುತ್ತಿತ್ತು. ಅವರಿದ್ದಾಗಲೂ ಹಾಗೇ ಮಾಡುತ್ತಿತ್ತೋ ಏನೋ. ಆಗ ಅದನ್ನು ಗಮನಿಸುವ ಅಗತ್ಯ ಯಾರಿಗಿತ್ತು?

ಆ ಚಳಿಗಾಲದಲ್ಲಿ ಅವರೊಬ್ಬರೇ ಊರಿಗೆ ಹೋದರು. ಅಲ್ಲೇ ಎದೆನೋವು ಬಂದು ಹೋಗಿಬಿಟ್ಟರು. ಆರು ವರ್ಷದ ಮಗಳನ್ನು ಕೆಳಗಿನ ಮನೆಯವರ ಬಳಿ ಬಿಟ್ಟು ನಾನೂ ಅತ್ತೆಯೂ ಹೋಗಿ, ಮಣ್ಣು ಮುಗಿಸಿ ಬಂದೆವು. ಬಾಗಿಲು ತೆರೆದ ಕೂಡಲೇ ಮಗು ಪಪ್ಪ ಎಲ್ಲಿ ಎಂದಿತು. ನಾನು ಚಪ್ಪಲಿ ಬಿಡಲು ಬಗ್ಗಿದೆ. "ಊರಲ್ಲೇ ಇದ್ದಾರೆ ಮಗಾ, ಕೆಲಸ ಉಂಟು," ಎಂದು ಅತ್ತೆ ಹೇಳಿದರು. ಒಂದು ದಿನದ ಮಟ್ಟಿಗೆ ಎಂದು ಹೇಳಿದ ಮಾತು ಹೋಳಿ ಕಳೆದರೂ ಹಾಗೇ ಉಳಿಯಿತು.

ಅವಳ ಸ್ಕೂಲು ನನ್ನ ಆಫೀಸಿನ ದಾರಿಯಲ್ಲೇ ಇತ್ತು. ಪಕ್ಕದ ಸೀಟಿನಲ್ಲಿ ಕೂತು ಅವಳು ಆ ಬಾಗಿಲಿನ ಜೊತೆ ಮಾತು ಶುರು ಮಾಡಿದಳು. "ಪಪ್ಪಾ, ಇವತ್ತು ಛುಟ್ಟೀ ಮಾಡ್ಲಾ?" ಹೂಂ. "ದೇಖಾ ಅಮ್ಮ? ಪಪ್ಪಾ ನೇ ಹಾಂ ಬೋಲಾ." ಪಪ್ಪ ರಜೆಗೆ ಒಪ್ಪಿದರಂತೆ. ಸುಳ್ಳು ಹೇಳುವುದೇಕೆ, ಅವಳನ್ನು ಇಳಿಸಿದ ಮೇಲೆ ನಾನೂ ಮಾತಾಡುತ್ತಿದ್ದೆ. ಬಾಡಿಗೆ ಏರಿಸ್ತಾರಂತೆ ಕಣ್ರೀ, ಬೇರೆ ಮನೆ ನೋಡ್ಲಾ ಎಂದು ಕೇಳುತ್ತಿದ್ದೆ. ಧೌಲಾ ಕುವಾಂ ದಾಟಿ ರಸ್ತೆ ಬಿಡುವಾದರೆ ಅಲ್ಲೂ ಉತ್ತರ ಸಿಗುತ್ತಿತ್ತು. ಭಯವೂ ಆಗುತ್ತಿತ್ತು, ಬೇಕು ಅಂತಲೂ ಅನಿಸುತ್ತಿತ್ತು.

ಮಗಳು ಮಾತ್ರ ಮನೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಆಟಕ್ಕೆ ಇಳಿಯುವುದಿಲ್ಲ, ಗೆಳತಿಯರು ಬೇಡ, ಊಟ ಅರ್ಧಂಬರ್ಧ. ಬೆಳಗಾಗುವುದನ್ನೇ ಕಾಯುವುದು, ಕಾರು ಹತ್ತುವುದು. ಒಂದು ದಿನ ಸೇತುವೆಯ ಮೇಲೆ ಕೇಳಿದಳು. "ಪಪ್ಪಾ, ನೀವು ಇರೋ ಕಡೆ ನಾನೂ ಬರ್ಲಾ?" ಬಾಗಿಲು ಹೂಂ ಎಂದಿತು. ನಾನು ತಟ್ಟನೆ ವೇಗ ಇಳಿಸಿದೆ. ಇದರ ಬಾಯಿ ಮುಚ್ಚಿಸದಿದ್ದರೆ ಮಗು ನನ್ನ ಕೈತಪ್ಪಿ ಹೋಗುತ್ತದೆ ಎಂದು ಅಂದೇ ತೀರ್ಮಾನಿಸಿದೆ.

ಕಾರಿನ ಸದ್ದು ತಡೆಯುವ ಹಾಸು ಕರೋಲ್ ಬಾಗ್‌ನಲ್ಲಿ ಸಿಗುತ್ತದೆ ಎಂದರು, ಹೋದೆ. ಅಂಗಡಿಯವನು ಮೊದಲು ತೆಗೆದದ್ದು ಪರದೇಶದ ಮಾಲು, ರಬ್ಬರಿನ ಮೇಲೆ ಬೆಳ್ಳಿ ಹಾಳೆ. ರೇಟು ಕೇಳಿ ನನಗೇ ಎದೆನೋವು ಬರುವಂತಾಯಿತು. "ಭಯ್ಯಾ, ಕಾರಿನ ಬಾಗಿಲಿಗೆ ಬೇಕು, ಅರಮನೆಗಲ್ಲ," ಎಂದು ಹಿಂದಿಯಲ್ಲಿ ಜಾಡಿಸಿದೆ. ಆಮೇಲೆ ಅಗ್ಗದವು ಒಂದೊಂದೇ ಹೊರಬಂದವು. ಒಂದು, ಸೋರುವ ಛಾವಣಿಗೆ ಅಂಟಿಸುವ ಡಾಂಬರಿನ ಶೀಟು. ಇನ್ನೊಂದು ನಮದಾ, ಕಂಬಳಿಯ ಹಾಗೆ ಒತ್ತಿದ ದಪ್ಪ ಬಟ್ಟೆ. ಮೂರನೆಯದು ಇಲ್ಲಿನದೇ ತಯಾರಿಕೆಯ ರಬ್ಬರ್ ಶೀಟು, ಅದಕ್ಕೂ ಬೆಳ್ಳಿ ಹಾಳೆ ಇತ್ತು, ಸ್ವಲ್ಪ ತೆಳು. ಯಾವುದನ್ನು ಕೇಳಿದರೂ ಏಕ್ ನಂಬರ್ ಮೇಡಂ ಎನ್ನುತ್ತಿದ್ದ. ಅವನ ಮಾತು ನಂಬದೆ ಅಗ್ಗದ ಮೂರರದ್ದೂ ತುಂಡು ಕೇಳಿ ತಂದೆ.

ಆಗ ಮೇ ತಿಂಗಳು. ಅತ್ತೆ ಟೆರೇಸಿನಲ್ಲಿ ಹಳೆ ಸೀರೆ ಹಾಸಿ ಹಪ್ಪಳ ಒಣಹಾಕಿದ್ದರು. ಪಕ್ಕದಲ್ಲೇ ಮೂರು ಸ್ಟೀಲ್ ತಟ್ಟೆ ಬೋರಲು ಹಾಕಿ, ಬೆನ್ನಿಗೆ ಒಂದೊಂದು ತುಂಡು ಅಂಟಿಸಿ, ಒದ್ದೆ ಮಾಡಿ ಬಿಸಿಲಿಗಿಟ್ಟೆ. "ಎಂತ ಮಾರಾಯ್ತಿ ಇದು, ರಸ್ತೆ ಹಾಕ್ತೀಯಾ ಮನೆ ಮೇಲೆ?" ಎಂದು ಅತ್ತೆ ಮೂಗು ಮುಚ್ಚಿಕೊಂಡರು. ಮಧ್ಯಾಹ್ನಕ್ಕೆ ಡಾಂಬರು ಕರಗಿ ತಟ್ಟೆಯಿಂದ ಜಾರಿ ಅವರ ಹಪ್ಪಳದ ಸೀರೆಗೇ ಅಂಟಿತ್ತು. ದಿಲ್ಲಿಯ ಬಿಸಿಲಲ್ಲಿ ನಿಂತ ಕಾರಿನೊಳಗೆ ಅದರ ಗತಿ ಏನೆಂದು ಬೇರೆ ಹೇಳಬೇಕಾಗಿರಲಿಲ್ಲ. ನಮದಾ ಮೇಲೆ ಒಣಗಿದ್ದರೂ ಒಳಗೆ ಒದ್ದೆಯೇ, ನೆಂದ ನಾಯಿಯ ವಾಸನೆ. ಮಳೆ ಬಂದರೆ ಬಾಗಿಲಿನೊಳಗೆ ನೀರಿಳಿಯುತ್ತದೆ, ಅದೂ ಬೇಡ. ಇಲ್ಲಿನ ರಬ್ಬರು ಮಾತ್ರ ಕಚ್ಚಿಕೊಂಡು ಕೂತಿತ್ತು. ಬೆರಳಿನ ಗೆಣ್ಣಿನಿಂದ ಬಡಿದು ನೋಡಿದೆ. ಬರೀ ತಟ್ಟೆ ಠಣ್ ಎಂದರೆ ಇದು ಹಿಟ್ಟು ಮೆತ್ತಿದ ತಟ್ಟೆಯ ಹಾಗೆ ದಪ್ ಎಂದು ಸುಮ್ಮನಾಯಿತು. ಅದೇ ಸಾಕೆನಿಸಿತು. ಬಾಗಿಲನ್ನೂ ಹಾಗೇ ಬಡಿದು, ಎಲ್ಲಿ ಗುಂಯ್ ಎನ್ನುತ್ತದೋ ಅಲ್ಲಿಗೆ ಮಾತ್ರ ಹಾಕಿಸಿದೆ. ಪೂರ್ತಿ ಮೆತ್ತಿಸುವ ದುಂದು ಬೇಕಾಗಲಿಲ್ಲ.

ಶನಿವಾರ ಹಾಕಿಸಿಕೊಂಡು ಬಂದು ವಿಷಯ ಹೇಳಿದರೆ ಅತ್ತೆಯ ಮುಖ ಕಪ್ಪಿಟ್ಟಿತು. ನಮ್ಮ ಕಡೆ ಸತ್ತವರನ್ನು ಒಳಗೆ ಕರೆಯುವ ಕ್ರಮವಿದೆ. ಬಾಳೆಲೆಯಲ್ಲಿ ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಹೊಸ್ತಿಲಲ್ಲಿ ನಿಂತು, ಹೆಸರು ಹಿಡಿದು ಮನೆಯೊಳಗೆ ಬಾ ಎನ್ನಬೇಕು. ಆಮೇಲೆ ಬಾಗಿಲೆಳೆದು ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲಬೇಕು. ಹಾಗೆ ಕರೆಸಿಕೊಂಡವರು ಹಿರಿಯರ ಜೊತೆ ಸೇರುತ್ತಾರೆ, ಇಲ್ಲದಿದ್ದರೆ ಹೊರಗೇ ಅಲೆಯುತ್ತಾರೆ. ಉಳಿದ ಕಾರ್ಯವೆಲ್ಲ ಊರಿನಲ್ಲಿ ಆಗಿತ್ತು. ಇದೊಂದನ್ನು ಮಗ ಬಾಳಿದ ಮನೆಯಲ್ಲೇ ಮಾಡಬೇಕೆಂದು ಅತ್ತೆ ಉಳಿಸಿಕೊಂಡಿದ್ದರು.

"ಒಳಗೆ ಕರೆಯುವ ಮೊದಲೇ ಅವನು ಕೂತಲ್ಲಿ ಬಾಗಿಲು ಮುಚ್ಚಿಸಿ ಬಂದೆಯಲ್ಲ. ಅವನು ಈಗ ಎಲ್ಲಿಗೆ ಹೋಗಬೇಕು?" ಎಂದರು.

ಅಂದರೆ ಅತ್ತೆಯೂ ಆ ಹೂಂ ಕೇಳಿದ್ದರು. ನಾಳೆಯೇ ಕರೆಯೋಣ ಅತ್ತೆ ಎಂದೆ. ಇಷ್ಟೂ ಮಾತು ಮಗುವಿನ ಎದುರಿಗೇ ಆಯಿತು. ಅವಳು ಬಾಯಿ ತೆರೆದರೆ ಅರ್ಧ ಹಿಂದಿ. ಆದ್ದರಿಂದ ದೊಡ್ಡವರು ನಮ್ಮನಮ್ಮಲ್ಲಿ ಆಡುವ ಕನ್ನಡವೆಲ್ಲ ಅವಳ ತಲೆಯ ಮೇಲಿಂದ ಹಾದುಹೋಗುತ್ತದೆ ಎಂದು ನಾವಿಬ್ಬರೂ ನಂಬಿದ್ದೆವು.

ಭಾನುವಾರ ಐಎನ್‌ಎ ಮಾರ್ಕೆಟ್‌ನಿಂದ ಬಾಳೆಲೆ, ಕುಚ್ಚಲಕ್ಕಿ ತಂದೆ. ಅತ್ತೆ ಕೋಳಿ ಸಾರು ಮಾಡಿದರು. ಎಲೆಯಲ್ಲಿ ಬಡಿಸಿ, ದೀಪ ಹಚ್ಚಿ, ಹೊಸ್ತಿಲಲ್ಲಿ ನಿಂತು ಮಗನ ಹೆಸರು ಹಿಡಿದು ಕರೆದರು. "ಬಾ ಮಗಾ, ಒಳಗೆ ಬಾ." ಬಾಗಿಲೆಳೆದುಕೊಂಡು ನಾವು ಮೂವರೂ ಮೆಟ್ಟಿಲ ಬಳಿ ನಿಂತೆವು. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಹೊಸ ಫ್ರಾಕ್ ಹಾಕಿಕೊಂಡಿದ್ದಾಳೆ ಎಂಬುದು ಆಗ ನನ್ನ ಕಣ್ಣಿಗೆ ಬಿತ್ತು. ತಲೆಯನ್ನೂ ತಾನೇ ಬಾಚಿಕೊಂಡಿದ್ದಳು.

ಬಾಗಿಲು ತೆರೆದದ್ದೇ ತಡ, ನನ್ನ ಕೈ ಕೊಸರಿಕೊಂಡು ಒಳಗೆ ಓಡಿದಳು. ಎಲೆಯ ಮುಂದೆ ಯಾರೂ ಇರಲಿಲ್ಲ. ಬೆಡ್‌ರೂಮಿಗೆ ಹೋದಳು, ಬಚ್ಚಲಿಗೆ ಹೋದಳು, ಮಂಚದ ಕೆಳಗೆ ಬಗ್ಗಿ ನೋಡಿದಳು, ಪರದೆ ಸರಿಸಿದಳು. "ಪಪ್ಪಾ? ಪಪ್ಪಾ, ಕಹಾಂ ಹೋ?" ಅತ್ತೆ ಹೊಸ್ತಿಲಲ್ಲೇ ಕುಸಿದು ಕೂತರು.

ಮಗಳು ವಾಪಸ್ ಬಂದು ಹೇಳಿದಳು, "ಕಾರಲ್ಲೇ ಇದ್ದಾರೆ. ಅಮ್ಮ, ಚಲೋ."

ಹೋದೆವು, ಅತ್ತೆಯೂ ಹಿಂದಿನ ಸೀಟಿನಲ್ಲಿ ಕೂತರು. ಸೇತುವೆಯ ಮೇಲೆ ವೇಗ ಏರಿಸಿದೆ. ಅವಳು ಬಾಗಿಲಿಗೆ ಕಿವಿ ಇಟ್ಟು ಪಪ್ಪಾ ಎಂದಳು, ಕಾದಳು, ಮತ್ತೆ ಪಪ್ಪಾ ಎಂದಳು. ಹಾಕಿಸಿದ ಮಾಲು ಒಳ್ಳೆಯದೇ ಇತ್ತು. ನನಗೂ ಆ ದನಿ ಒಂದೇ ಒಂದು ಸಲ ಬೇಕಾಗಿತ್ತು. ಸೇತುವೆ ದಾಟಿ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿದೆ.

"ಪಪ್ಪ ಬರಲ್ಲ ಪುಟ್ಟಾ. ಊರಿಗೆ ಹೋದಾಗಲೇ ಸತ್ತುಹೋದ್ರು," ಎಂದೆ. ಸತ್ತರು ಎಂಬ ಮಾತನ್ನು ಅವರ ಬಗ್ಗೆ ನಾನೂ ಅಲ್ಲಿಯವರೆಗೆ ಬಾಯಿಬಿಟ್ಟು ಆಡಿರಲಿಲ್ಲ.

ಅವಳು ನನ್ನನ್ನೇ ನೋಡಿದಳು. "ಮತ್ತೆ ಇಷ್ಟು ದಿನ ಹೂಂ ಅಂತಿದ್ದದ್ದು ಯಾರು?"

ತಗಡು ಎನ್ನಬಹುದಿತ್ತು. "ನಾನೂ ಪಪ್ಪಾನೇ ಅಂದ್ಕೊಂಡಿದ್ದೆ ಕಣೇ," ಎಂದೆ.

ಆಗ ಅವಳು ಅತ್ತಳು. ಹಿಂದಿನ ಸೀಟಿನಲ್ಲಿ ಅತ್ತೆ, ಮುಂದೆ ನಾನು. ಹೊರಗಿನ ಸದ್ದು ಕಡಿಮೆಯಾಗಿದ್ದ ಆ ಕಾರಿನಲ್ಲಿ ಮೂವರ ಅಳುವೂ ಬೇರೆಬೇರೆಯಾಗಿ ಕೇಳಿಸುತ್ತಿತ್ತು.