ಅಪ್ಪನಿಗೆ ಕೇಳಲೆಂದು

ನೌಕಾಪಡೆಯಲ್ಲಿದ್ದಾಗ ಹಡಗಿನ ಎಂಜಿನ್ ಸದ್ದಿಗೆ ಅಪ್ಪನ ಕಿವಿ ಮಂದವಾಗಿತ್ತು. ನಿವೃತ್ತರಾಗಿ ಮೈಸೂರಿಗೆ ಬಂದ ಮೇಲೂ ಸುಮ್ಮನೆ ಕೂರದೆ ಉದಯಗಿರಿಯ ಗ್ಯಾರೇಜೊಂದಕ್ಕೆ ಸೇರಿ ಲಾರಿ ರಿಪೇರಿ ಮಾಡುತ್ತಿದ್ದರು. ಅಮ್ಮ ತೀರಿಕೊಂಡಿದ್ದರಿಂದ ನನಗೆ ಅಡುಗೆ ಮಾಡಿಟ್ಟು, ಜಡೆ ಹೆಣೆದು, ಆಮೇಲೆ ಕೆಲಸಕ್ಕೆ ಹೊರಡುತ್ತಿದ್ದರು. ಅವರ ಮಾತು ಬೀದಿಗೆಲ್ಲ ಕೇಳಿಸುತ್ತಿತ್ತು.

ಹೋದ ವರ್ಷ ಆಸ್ಪತ್ರೆಯಲ್ಲಿ ಆ ದನಿ ತೀರಾ ಇಳಿದುಹೋಯಿತು. ಒಂದು ಮಧ್ಯಾಹ್ನ ಅಪ್ಪನ ತುಟಿ ಅಲುಗಿತು. ಬಾಗಿ ಕಿವಿಗೊಟ್ಟೆ.

“ಊಟ ಮಾಡ್ದೇನಮ್ಮ?”

ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ. “ಆಯ್ತಪ್ಪಾ, ಹೊಟ್ಟೆ ತುಂಬಾ ಮಾಡ್ದೆ!” ಎಂದು ಅವರಿಗೆ ಕೇಳಲೆಂದು ಕೂಗಿ ಹೇಳಿದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು. ಅಪ್ಪ ಮೆಲ್ಲಗೆ ತಲೆಯಾಡಿಸಿ ಕಣ್ಣು ಮುಚ್ಚಿದರು.

ಪಕ್ಕದ ಹಾಸಿಗೆಯ ರೋಗಿಯ ಹೆಂಡತಿಗೆ ನಾನು ಉಪವಾಸವಿದ್ದದ್ದು ಗೊತ್ತಿತ್ತು. ಹತ್ತಿರ ಬಂದು ನನ್ನ ಬೆನ್ನು ಸವರಿದರು. ಸಂಜೆಯ ಹೊತ್ತಿಗೆ ಅಪ್ಪ ಹೋಗಿಬಿಟ್ಟರು.